ಕೇಳುಗರ ಓದು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಕ್ರೈಸ್ತ ಮನೆಗಳಲ್ಲಿ ನಿತ್ಯಜೀವನ ಮತ್ತು ವಾರದ ವಾಚನ

ಕರ್ನಾಟಕದ ಪತ್ರಿಕಾ ಇತಿಹಾಸವನ್ನು ಬರೆದವರೆಲ್ಲರೂ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದಿಂದ ತಮ್ಮ ನಿರೂಪಣೆಯನ್ನು ಆರಂಭಿಸುವುದು ವಾಡಿಕೆ. ಅಲ್ಲಿಂದ ಮುಂದೆ ಪತ್ರಿಕೆಯ ಹೆಸರು, ಸಂಪಾದಕರು, ಮುದ್ರಣಾಲಯ, ಹುಟ್ಟಿದ ಮತ್ತು ನಿಂತ ವರ್ಷ ಎಂಬ ಕ್ರಮದಲ್ಲಿ ಪಟ್ಟಿ ಬೆಳೆಯುತ್ತದೆ. ಈ ಪಟ್ಟಿಗಳ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಪತ್ರಿಕೆ ಮನೆಗೆ ಬಂದ ಮೇಲೆ ಅದನ್ನು ಯಾರು ಓದಿದರು, ಯಾರಿಗೆ ಓದಿದರು, ದಿನದ ಯಾವ ಹೊತ್ತಿನಲ್ಲಿ ಓದಿದರು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ. ಅಕ್ಷರ ಬಾರದ ಅಜ್ಜಿಯೊಬ್ಬಳು ಒಂದು ವಾರಪತ್ರಿಕೆಯ ನಿಷ್ಠಾವಂತ ‘ಓದುಗಳು’ ಆಗಿರಬಲ್ಲಳು ಎಂಬ ಸಂಗತಿ ಪತ್ರಿಕಾ ಇತಿಹಾಸಕ್ಕೆ ಕಾಣುವುದಿಲ್ಲ. ಜಾನಪದ ಅಧ್ಯಯನಕ್ಕೆ ಮಾತ್ರ ಕಾಣಬಹುದು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪರಿಸರದ ಕ್ರೈಸ್ತ ಮನೆಗಳಲ್ಲಿ ಬೆಳೆದುಬಂದ ವಾರದ ಓದು ಇಂತಹ ಕೇಳುಗರ ಓದಿಗೆ ಒಳ್ಳೆಯ ನಿದರ್ಶನವಾಗಿದೆ.

ಈ ಮೂರು ಪ್ರದೇಶಗಳ ನೆಲದ ಸ್ವರೂಪವನ್ನು ಮೊದಲು ಗಮನಿಸಬೇಕು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಊರು ಕಟ್ಟಿಕೊಂಡಿಲ್ಲ. ಗುಡ್ಡದ ಬದಿಯಲ್ಲಿ ಒಂದು ಮನೆ, ಕೆಳಗೆ ಬೈಲಿನಲ್ಲಿ ಗದ್ದೆ, ತೋಡಿನಾಚೆ ಅಡಿಕೆ ತೋಟ, ಅದರಾಚೆ ಇನ್ನೊಂದು ಮನೆ. ಮಳೆಗಾಲದಲ್ಲಿ ತೋಡು ತುಂಬಿದರೆ ನೆರೆಮನೆಯೇ ದೂರವಾಗುತ್ತದೆ. ಅಗ್ರಾರ್, ಮೊಡಂಕಾಪು, ಫರಂಗಿಪೇಟೆ, ಮಡಂತ್ಯಾರು, ವೇಣೂರು, ನಾರಾವಿ, ಅಲಂಗಾರು, ಶಿರ್ತಾಡಿ ಮೊದಲಾದ ಧರ್ಮಕೇಂದ್ರಗಳ ವ್ಯಾಪ್ತಿಯಲ್ಲಿ ಚದುರಿಹೋಗಿರುವ ಕೊಂಕಣಿ ಮಾತೃಭಾಷೆಯ ಕೆಥೊಲಿಕ್ ಕುಟುಂಬಗಳಿಗೆ ಭಾನುವಾರದ ಬಲಿಪೂಜೆಯೇ ವಾರಕ್ಕೊಮ್ಮೆ ಎಲ್ಲರ ಮುಖ ಕಾಣುವ ಸಂದರ್ಭವಾಗಿತ್ತು. ಉಳಿದ ಆರು ದಿನಗಳ ಧಾರ್ಮಿಕ ಬದುಕು ನಡೆಯಬೇಕಾದದ್ದು ಮನೆಯೊಳಗೇ. ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಇಗರ್ಜಿಯ ಪೂಜಾವಿಧಿಯಲ್ಲಿ ಲ್ಯಾಟಿನ್, ಮನೆಯಲ್ಲಿ ಕೊಂಕಣಿ ಎಂಬ ನಾಲ್ಕು ಭಾಷೆಗಳ ನಡುವೆ ಒಬ್ಬ ಸಾಮಾನ್ಯ ಗೇಣಿದಾರನ ಮಗು ಬೆಳೆಯುತ್ತಿತ್ತು.

ಮನೆಯೊಳಗಿನ ಆ ಬದುಕಿನ ಕೇಂದ್ರ ಸಂಜೆಯ ಪ್ರಾರ್ಥನೆ. ಇಗರ್ಜಿಯ ‘ಆಮೋರಿ’ ಗಂಟೆ ಕೇಳಿಸಿದಾಗ ಗದ್ದೆಯಲ್ಲಿದ್ದವರು ನಿಂತಲ್ಲಿಯೇ ಶಿಲುಬೆಯ ಗುರುತು ಹಾಕಿಕೊಳ್ಳುವುದು, ದೀಪ ಹಚ್ಚಿದ ಬಳಿಕ ಮನೆಯವರೆಲ್ಲರೂ ದೇವರ ಪೀಠದ ಮುಂದೆ ಮೊಣಕಾಲೂರಿ ‘ತೇರ್ಸ್’ ಅಂದರೆ ಜಪಸರ ಹೇಳುವುದು, ಕೊನೆಯಲ್ಲಿ ಕಿರಿಯರು ವಯಸ್ಸಿನ ಕ್ರಮದಲ್ಲಿ ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’ ಅಂದರೆ ಆಶೀರ್ವಾದ ಬೇಡುವುದು – ಇದು ಕ್ರಮ. ತೇರ್ಸ್, ಬೆಸಾಂವ್, ಇಗರ್ಜ್, ಫಿರ್ಗಜ್ ಇವೆಲ್ಲವೂ ಪೋರ್ಚುಗೀಸ್ ಮೂಲದ ಶಬ್ದಗಳು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ಹಂತಹಂತವಾಗಿ ದಕ್ಷಿಣಕ್ಕೆ ಬಂದ ಜನರ ಜೊತೆಗೆ ಬಂದಂತಹವು. ಜಪಸರದ ಸ್ವರೂಪವೇ ಗುಂಪಿನದು. ಒಬ್ಬರು ಅರ್ಧ ಹೇಳಿದರೆ ಉಳಿದವರು ಇನ್ನರ್ಧವನ್ನು ಪೂರೈಸುತ್ತಾರೆ. ಹೇಳುವವರು ಮತ್ತು ಕೇಳುವವರು ಎಂಬ ಎರಡು ಪಾತ್ರಗಳು ಇಲ್ಲಿ ಪುಸ್ತಕಕ್ಕೂ ಮುಂಚೆಯೇ ಸಿದ್ಧವಾಗಿದ್ದವು ಎಂಬುದು ಮುಂದಿನ ಚರ್ಚೆಯ ದೃಷ್ಟಿಯಿಂದ ಮುಖ್ಯ.

ಪುಸ್ತಕವೂ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. 1649 ಮತ್ತು 1654ರಲ್ಲಿ ಮರುಮುದ್ರಣಗೊಂಡಿತು. ಎರಡು ಭಾಗಗಳಲ್ಲಿ, ಹತ್ತು ಸಾವಿರಕ್ಕೂ ಮಿಕ್ಕಿದ ಓವಿಗಳಲ್ಲಿ ಸೃಷ್ಟಿಯಿಂದ ಹಿಡಿದು ಕ್ರಿಸ್ತನ ಪುನರುತ್ಥಾನದವರೆಗಿನ ಕಥೆಯನ್ನು ಹೇಳುವ ಈ ಕೃತಿಯ ಭಾಷೆ ಕೊಂಕಣಿ ಬೆರೆತ ಕಾವ್ಯಮರಾಠಿ. ಸ್ಥಳೀಯ ಪುರಾಣ ಶ್ರವಣದ ಅಭ್ಯಾಸವನ್ನು ಕಂಡು ಅದೇ ಅಚ್ಚಿನಲ್ಲಿ ಕ್ರೈಸ್ತ ಕಥೆಯನ್ನು ಎರಕ ಹೊಯ್ದ ಸ್ಟೀಫನ್ಸರ ಜಾಣ್ಮೆ ಮೆಚ್ಚತಕ್ಕದ್ದು. ಹಳೆಯ ಮುದ್ರಣಗಳು ಕಣ್ಮರೆಯಾದರೂ ಕೈಬರಹದ ಪ್ರತಿಗಳ ಮೂಲಕ ಕೆನರಾದ ಕೆಥೊಲಿಕ್ ಕುಟುಂಬಗಳಲ್ಲಿ ಪುರಾಣ ಉಳಿದುಕೊಂಡಿತು. ಅಂತಹ ಪ್ರತಿಗಳ ಆಧಾರದ ಮೇಲೆಯೇ ಜೋಸೆಫ್ ಎಲ್. ಸಲ್ಡಾನ್ಹಾ 1907ರಲ್ಲಿ ಮಂಗಳೂರಿನಿಂದ ಅದರ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿದರು. ಪ್ರತಿ ಉಳಿದದ್ದು ಕಪಾಟಿನಲ್ಲಿಡುವ ಆಸೆಯಿಂದಲ್ಲ, ಹಾಡುವ ಅಗತ್ಯದಿಂದ.

ಇದೇ ಪರಿಸರದ ನೆರೆಮನೆಗಳ ಅಭ್ಯಾಸದ ಜೊತೆ ಇದನ್ನು ಇಟ್ಟು ನೋಡಿದರೆ ಸಾದೃಶ್ಯ ಸ್ಪಷ್ಟವಾಗುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗಿನ ಕೆಲಸ ನಿಂತಾಗ ತುಳುನಾಡಿನ ಹಿಂದೂ ಮನೆಗಳಲ್ಲಿ ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ಓದಿಸುವ ಪದ್ಧತಿಯಿತ್ತು. ಓದುವುದು ಕನ್ನಡ ಕಾವ್ಯ, ಕೇಳುವವರ ಮನೆಮಾತು ತುಳು; ನಡುವೆ ಅರ್ಥ ಹೇಳುವವರೊಬ್ಬರು ಬೇಕು. ಕ್ರಿಸ್ತಪುರಾಣದ ಕೇಳುಗರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಾರದು. ಮನೆಮಾತಿಗಿಂತ ಒಂದು ಮೆಟ್ಟಿಲು ಎತ್ತರದ ಭಾಷೆಯಲ್ಲಿ ಪವಿತ್ರ ಕಥೆಯನ್ನು ಕೇಳುವುದು, ಪೂರ್ತಿ ಅರ್ಥವಾಗದ ಭಾಗವನ್ನು ರಾಗದಲ್ಲಿ ಸ್ವೀಕರಿಸುವುದು, ಅರ್ಥವಾದ ಭಾಗವನ್ನು ಮರುದಿನ ಗದ್ದೆಯ ಬದುವಿನಲ್ಲಿ ಮಾತಿಗೆ ಎತ್ತಿಕೊಳ್ಳುವುದು ಎರಡೂ ಸಮುದಾಯಗಳಿಗೆ ಸಮಾನವಾಗಿದ್ದ ಶ್ರವಣ ಸಂಸ್ಕೃತಿ. ಮೂಡುಬಿದಿರೆಯಲ್ಲಿ ಗ್ರಂಥಸಂಬಂಧದ ಮೂರನೆಯ ಮಾದರಿಯೊಂದೂ ಇತ್ತೆಂಬುದನ್ನು ಇಲ್ಲಿಯೇ ಹೇಳಬಹುದು. ಅಲ್ಲಿನ ಸಿದ್ಧಾಂತ ಬಸದಿಯ ಧವಲಾ ತಾಳೆಗರಿಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದು, ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಅಚ್ಚಾಗಿ ಓದಿಗೆ ಒದಗಿದವು. ಕಾಣುವ ಗ್ರಂಥ, ಕೇಳುವ ಗ್ರಂಥ, ಕಣ್ಣಿನಿಂದ ಓದುವ ಗ್ರಂಥ ಮೂರೂ ಒಂದೇ ಪೇಟೆಯ ಸುತ್ತಮುತ್ತ ಇದ್ದವು.

ಈ ಪರಂಪರೆಗೆ 1784ರಲ್ಲಿ ದೊಡ್ಡ ಪೆಟ್ಟು ಬಿತ್ತು. ತಪಸ್ಸುಕಾಲದ ಆರಂಭದಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಒಯ್ದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇಗರ್ಜಿಗಳು ನೆಲಸಮವಾದವು, ಮೂಡುಬಿದಿರೆಯ ಚೌಟ ಅರಸರ ಮಧ್ಯಸ್ಥಿಕೆಯಿಂದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಉಳಿಯಿತೆಂಬುದು ಸಮುದಾಯದ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ಜೈನ ಅರಸೊತ್ತಿಗೆಯೊಂದರ ಈ ನೆರವನ್ನು ಆ ಭಾಗದ ಕ್ರೈಸ್ತರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. 1799ರ ಬಳಿಕ ಹಿಂದಿರುಗಿದವರು ಮನೆ, ಭೂಮಿ, ಇಗರ್ಜಿ ಮೂರನ್ನೂ ಹೊಸದಾಗಿ ಕಟ್ಟಬೇಕಾಯಿತು. ಈ ಹದಿನೈದು ವರ್ಷಗಳಲ್ಲಿ ಇಗರ್ಜಿಯಿಲ್ಲದೆ, ಬಹುಮಟ್ಟಿಗೆ ಪಾದ್ರಿಗಳೂ ಇಲ್ಲದೆ ಧರ್ಮ ಉಳಿದದ್ದಾದರೆ ಅದು ಬಾಯಿಪಾಠದ ಪ್ರಾರ್ಥನೆಗಳಲ್ಲಿ. ಮನೆಯ ಸಂಜೆಗೆ ಈ ಸಮುದಾಯ ಕೊಡುವ ಅಸಾಧಾರಣ ಮಹತ್ವದ ಹಿಂದೆ ಈ ಅನುಭವವೂ ಇದೆ ಎಂದು ಊಹಿಸುವುದು ತಪ್ಪಾಗಲಾರದು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತ್ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡಾ 1763ರಲ್ಲಿ ಆರಂಭಿಸಿದರೆಂದು ಹೇಳಲಾಗುವ ಮೊಂತಿ ಹಬ್ಬ ಇದಕ್ಕೆ ಪೂರಕ ಸಾಕ್ಷ್ಯ. ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸೇವಿಸುವ ‘ನೊವೆಂ’ ಊಟವೂ ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ. ಇಗರ್ಜಿಯಲ್ಲಿ ಆರಂಭವಾದ ಹಬ್ಬ ಪೂರ್ಣವಾಗುವುದು ಮನೆಯಲ್ಲಿ.

ಮುದ್ರಣದ ಕಥೆಯಲ್ಲಿ ನಿರ್ಣಾಯಕವಾದದ್ದು ಲಿಪಿಯ ಆಯ್ಕೆ. ಬಾಸೆಲ್ ಮಿಶನ್ ತುಳುವಿಗೆ ಕನ್ನಡ ಲಿಪಿಯನ್ನು ಆರಿಸಿಕೊಂಡು 1840ರ ದಶಕದಲ್ಲಿಯೇ ತುಳು ಹೊಸ ಒಡಂಬಡಿಕೆಯನ್ನು ಅಚ್ಚು ಮಾಡಿತ್ತು. ಸ್ವಂತ ಲಿಪಿಯ ಬಳಕೆ ವ್ಯಾಪಕವಾಗಿರದ ಭಾಷೆಗೆ ಶಾಲೆಯ ಲಿಪಿಯನ್ನು ತೊಡಿಸುವ ಈ ಕ್ರಮ ಜಿಲ್ಲೆಯಲ್ಲಿ ರೂಢಿಯಾಯಿತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯವರಲ್ಲಿ ಒಬ್ಬರಾದ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಎರಡೂ ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1912ರಲ್ಲಿ ಲುವಿಸ್ ಮಸ್ಕರೇನ್ಹಸ್ ‘ಕೊಂಕ್ಣಿ ದಿರ್ವೆಂ’ ಪತ್ರಿಕೆಯನ್ನು ಆರಂಭಿಸಿದರು. 1938ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ, ಪಾದ್ರಿ ಸಿಲ್ವೆಸ್ಟರ್ ಮಿನೇಜಸ್ ಅವರ ಸಂಪಾದಕತ್ವದಲ್ಲಿ, ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಹೊರಟಿತು. ‘ರಾಕ್ಣೊ’ ಎಂದರೆ ಕಾಯುವವನು.

ಗೋವೆಯ ಕೆಥೊಲಿಕರಂತೆ ರೋಮನ್ ಲಿಪಿಯನ್ನೇ ಇಲ್ಲಿಯೂ ಮುಂದುವರಿಸಿದ್ದರೆ ಪತ್ರಿಕೆ ಮಂಗಳೂರಿನ ಇಂಗ್ಲಿಷ್ ಕಲಿತ ಮನೆತನಗಳ ಪಡಸಾಲೆಯಲ್ಲಿಯೇ ನಿಲ್ಲುವ ಸಂಭವವಿತ್ತು. ಕನ್ನಡ ಲಿಪಿಯಿಂದಾಗಿ ಧರ್ಮಕೇಂದ್ರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕೈದು ತರಗತಿ ಓದಿದ ಹುಡುಗಿಯೂ ಅದನ್ನು ಓದಿ ಹೇಳಬಲ್ಲವಳಾದಳು. ಅಂಚೆಯಲ್ಲಿ ಬಂದ ಸಂಚಿಕೆ ತೇರ್ಸ್ ಮುಗಿದು, ಬೆಸಾಂವ್ ಆಗಿ, ಊಟಕ್ಕೆ ಮೊದಲು ಸಿಗುವ ಬಿಡುವಿನಲ್ಲಿ ಚಿಮಿಣಿ ದೀಪದ ಬಳಿ ತೆರೆದುಕೊಳ್ಳುತ್ತಿತ್ತು. ಒಬ್ಬರು ಓದುವುದು, ಉಳಿದವರು ಕೇಳುವುದು. ಒಂದೇ ಪ್ರತಿ ಎರಡು ಮೂರು ಮನೆಗಳಿಗೆ ಹೋಗುವುದೂ ಉಂಟು. ಪುರಾಣದ ಹಾಡುಗಾರಿಕೆ ಅಷ್ಟರಲ್ಲಿ ಹಿಂದೆ ಸರಿದಿತ್ತು. ಆದರೆ ಪುರಾಣಕ್ಕಾಗಿ ಮೀಸಲಿದ್ದ ಜಾಗ, ಹೊತ್ತು ಮತ್ತು ಕೇಳುವ ಭಂಗಿ ಹಾಗೆಯೇ ಉಳಿದಿದ್ದವು. ವಾರಪತ್ರಿಕೆ ಬಂದು ಕುಳಿತದ್ದು ಆ ಜಾಗದಲ್ಲಿ. ಹಳ್ಳಿಯ ಮನೆಗಳಲ್ಲಿ ಅದು ಅಷ್ಟು ಸಲೀಸಾಗಿ ನೆಲೆಯೂರಿದ್ದಕ್ಕೆ ಸಂಪಾದಕರ ಸಾಮರ್ಥ್ಯ, ಧರ್ಮಪ್ರಾಂತ್ಯದ ಬೆಂಬಲಗಳಷ್ಟೇ ಈ ಶ್ರವಣದ ಸಿದ್ಧತೆಯೂ ಕಾರಣ ಎಂಬುದನ್ನು ಒಪ್ಪಬೇಕಾಗುತ್ತದೆ.

ಓದುವ ಕ್ರಿಯೆಯ ಒಂದು ಸೂಕ್ಷ್ಮವನ್ನು ಇಲ್ಲಿ ವಿವರಿಸಬೇಕು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ. ಕೊಂಕಣಿಯಲ್ಲಿ ವ್ಯಂಜನಾಂತ ಪದಗಳು ಹೆಚ್ಚು. ಆದ್ದರಿಂದ ಕನ್ನಡ ಲಿಪಿಯ ಕೊಂಕಣಿ ಪುಟದಲ್ಲಿ ಅರ್ಧಾಕ್ಷರಗಳು ಸಾಲುಸಾಲಾಗಿ ಬರುತ್ತವೆ. ಅದಲ್ಲದೆ ಕೊಂಕಣಿಯ ವಿವೃತ ಮತ್ತು ಸಂವೃತ ಎಕಾರ, ಒಕಾರಗಳ ವ್ಯತ್ಯಾಸವನ್ನು ತೋರಿಸಲು ಕನ್ನಡದಲ್ಲಿ ಬೇರೆ ಬೇರೆ ಚಿಹ್ನೆಗಳಿಲ್ಲ. ಅನುನಾಸಿಕಕ್ಕೆ ಸೊನ್ನೆಯೇ ಗತಿ. ಶಾಲೆಯಲ್ಲಿ ಕನ್ನಡ ಕಲಿತ ಮಗು ಅಕ್ಷರವನ್ನು ನೋಡಿ ಹೇಳಿದ ಉಚ್ಚಾರಣೆ ತಪ್ಪಾಗುವ ಸಾಧ್ಯತೆ ಹೆಚ್ಚು. ಅದನ್ನು ತಿದ್ದುವವರು ಯಾರು? ಅಕ್ಷರವನ್ನೇ ಅರಿಯದ ಅಜ್ಜಿ. ಶಬ್ದ ಅವಳ ಕಿವಿಯಲ್ಲಿದೆ, ಅಕ್ಷರ ಮೊಮ್ಮಗಳ ಕಣ್ಣಿನಲ್ಲಿದೆ. ಇಬ್ಬರೂ ಸೇರಿದರೆ ಮಾತ್ರ ಸಾಲು ಪೂರ್ತಿಯಾಗುತ್ತದೆ. ಸಾಕ್ಷರತೆಯ ಅಂಕಿಅಂಶಗಳಲ್ಲಿ ಒಬ್ಬಳನ್ನು ಸಾಕ್ಷರಳೆಂದೂ ಇನ್ನೊಬ್ಬಳನ್ನು ನಿರಕ್ಷರಿಯೆಂದೂ ಬರೆಯುವ ಜನಗಣತಿಗೆ ಈ ಜೋಡಿ ಓದು ದಾಖಲಾಗುವ ಅಂಕಣವಿಲ್ಲ. ಹೆಂಗಸರನ್ನು, ಮುದುಕರನ್ನು ಓದುಗ ಸಮುದಾಯದ ಹೊರಗಿಟ್ಟು ಬರೆಯುವ ಪತ್ರಿಕಾ ಇತಿಹಾಸಕ್ಕೂ ಇದೇ ಮಾತು ಸಲ್ಲುತ್ತದೆ.

ವಾರದ ಓದಿನಲ್ಲಿ ಧರ್ಮೋಪದೇಶ ಮಾತ್ರವೇ ಇತ್ತೆಂದು ಭಾವಿಸಬೇಕಾಗಿಲ್ಲ. ಧರ್ಮಕೇಂದ್ರಗಳ ವಾರ್ತೆ, ಕತೆ, ಧಾರಾವಾಹಿ, ಲೇಖನ, ವಾಚಕರ ಓಲೆ ಎಲ್ಲವೂ ಒಂದೇ ದನಿಯಲ್ಲಿ, ಒಂದೇ ಕೂಟದಲ್ಲಿ ಕೇಳಿಬರುತ್ತಿದ್ದವು. ಧಾರಾವಾಹಿಯ ಕಂತಿಗಾಗಿ ವಾರವಿಡೀ ಕಾಯುವುದು ಹರೆಯದವರಿಗೆ ಉಪದೇಶಕ್ಕಿಂತ ಪ್ರಿಯವಾಗಿದ್ದರೆ ಆಶ್ಚರ್ಯವಿಲ್ಲ. ಮುಂದೆ ವಿ.ಜೆ.ಪಿ. ಸಲ್ಡಾನ್ಹಾ ಬರೆದ ‘ಬೆಳ್ತಂಗಡಿಚೊ ಬಾಲ್ತಜಾರ್’, ‘ಸರ್ದಾರಾಂಚಿ ಸಿನೊಲ್’ ಮೊದಲಾದ ಐತಿಹಾಸಿಕ ಕಾದಂಬರಿಗಳು ಸೆರೆಯ ಕಾಲದ ಬಾಯ್ದೆರೆಯ ನೆನಪುಗಳಿಗೆ ಮುದ್ರಿತ ಕಥನದ ರೂಪ ಕೊಟ್ಟವು. ಅಜ್ಜಿ ಹೇಳುತ್ತಿದ್ದ ಕಥೆ ಅಚ್ಚಾಗಿ ಬಂದು ಅಜ್ಜಿಯ ಎದುರಿನಲ್ಲೇ ಓದಿಸಿಕೊಳ್ಳುವ ಸನ್ನಿವೇಶ ಜನಪದ ಮತ್ತು ಶಿಷ್ಟ ಸಾಹಿತ್ಯಗಳ ಕೊಡುಕೊಳೆಯನ್ನು ಕುರಿತು ಯೋಚಿಸುವವರಿಗೆ ಉಪಯುಕ್ತವಾದೀತು.

ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ವಾರದ ಓದಿನ ಅರ್ಥವನ್ನೇ ಬದಲಿಸಿತು. ಅದುವರೆಗೆ ಪೂಜಾವಿಧಿಯ ವಾಚನಗಳು ಲ್ಯಾಟಿನ್ ಭಾಷೆಯಲ್ಲಿದ್ದವು. ಪ್ರಬೋಧನೆಯಲ್ಲಿ ಮಾತ್ರ ಕೊಂಕಣಿಯನ್ನು ಕೇಳಬಹುದಿತ್ತು. 1963ರ ದೈವಾರಾಧನೆಯ ಸಂವಿಧಾನ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1969ರಲ್ಲಿ ಪ್ರಕಟವಾದ ವಾಚನಗ್ರಂಥದ ಕ್ರಮದಂತೆ ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಗಳ ಆವರ್ತದಲ್ಲಿ ನಿಗದಿಯಾದವು. ಅಲಂಗಾರಿನಲ್ಲಾಗಲಿ, ಮುಂಬಯಿಯಲ್ಲಾಗಲಿ, ರೋಮಿನಲ್ಲಾಗಲಿ ಒಂದು ಭಾನುವಾರ ಲ್ಯಾಟಿನ್ ವಿಧಿಯ ಇಗರ್ಜಿಗಳಲ್ಲಿ ಓದುವ ಶುಭಸಂದೇಶದ ಭಾಗ ಸಾಮಾನ್ಯವಾಗಿ ಒಂದೇ. ಬರುವ ಭಾನುವಾರದ ವಾಚನ ಯಾವುದೆಂದು ಮೊದಲೇ ತಿಳಿಯುವ ಕಾರಣ ಅದರ ಚಿಂತನೆಯನ್ನು ಮನೆಯಲ್ಲಿ ಮೊದಲೇ ಓದಿ ಹೋಗುವುದು ಸಾಧ್ಯವಾಯಿತು. ಹಿಂದೆ ಇಗರ್ಜಿಯಲ್ಲಿ ಕೇಳಿದ್ದು ಮನೆಗೆ ಬರುತ್ತಿತ್ತು. ಈಗ ಮನೆಯಲ್ಲಿ ಓದಿದ್ದು ಇಗರ್ಜಿಗೆ ಹೋಗತೊಡಗಿತು. ಧರ್ಮಕೇಂದ್ರದ ಸಾಮಾನ್ಯ ಸದಸ್ಯರು, ಅದರಲ್ಲೂ ಹೆಂಗಸರು, ವೇದಿಕೆಗೆ ಹೋಗಿ ವಾಚನ ಓದುವ ಅವಕಾಶ ದೊರೆತದ್ದು ಈ ಬದಲಾವಣೆಯ ನಂತರ. ಚಿಮಿಣಿ ದೀಪದ ಬಳಿ ಮನೆಯವರಿಗಾಗಿ ಓದಿ ಪಳಗಿದ ದನಿಗಳಿಗೆ ಆಗ ದೊಡ್ಡ ಸಭೆ ಸಿಕ್ಕಿತು.

ಅದೇ ಕಾಲದಲ್ಲಿ ಆರ್ಥಿಕ ಸ್ಥಿತಿಯೂ ಬದಲಾಯಿತು. ಭೂಸುಧಾರಣೆ ಕಾಯಿದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಗೆ ದುಡಿಯುತ್ತಿದ್ದ ಅನೇಕ ಕುಟುಂಬಗಳು ಭೂಮಿಯ ಒಡೆತನ ಪಡೆದವು. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಗದ್ದೆಗಳು ಕ್ರಮೇಣ ಅಡಿಕೆ ತೋಟಗಳಾದವು. ಮಕ್ಕಳು ಮುಂಬಯಿಗೆ, ಬಳಿಕ ಕೊಲ್ಲಿ ದೇಶಗಳಿಗೆ ಹೋದರು. ಊರಿನ ವಾರ್ತೆ ಹೊತ್ತ ವಾರಪತ್ರಿಕೆ ಊರು ಬಿಟ್ಟವರ ಪಾಲಿಗೆ ಕಾಗದದ ಇಗರ್ಜಿ ಅಂಗಳವಾಯಿತು. 1995ರಲ್ಲಿ ಮುಂಬಯಿಯಿಂದಲೇ ‘ದಿವೊ’ ಎಂಬ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ಆರಂಭವಾದದ್ದು ಈ ವಲಸೆಯ ಗಾತ್ರವನ್ನು ಸೂಚಿಸುತ್ತದೆ.

ಬೆಳ್ತಂಗಡಿ ತಾಲೂಕಿನಲ್ಲಿ ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಸಮುದಾಯವಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಕೇರಳದಿಂದ ಬಂದು ಘಟ್ಟದ ಬುಡದಲ್ಲಿ ರಬ್ಬರ್ ಕೃಷಿ ಹೂಡಿದ ಸಿರೋ ಮಲಬಾರ್ ಕೆಥೊಲಿಕರಿಗಾಗಿ 1999ರಲ್ಲಿ ತಲಶ್ಶೇರಿಯಿಂದ ಬೇರ್ಪಟ್ಟ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಇವರ ಪೂಜಾವಿಧಿ ಸುರಿಯಾನಿಯಿಂದ ಮಲೆಯಾಳಕ್ಕೆ ಬಂದದ್ದು 1962ರಲ್ಲಿ. 1887ರಲ್ಲಿ ಆರಂಭವಾದ ‘ದೀಪಿಕಾ’, 1927ರಲ್ಲಿ ಆರಂಭವಾದ ‘ಸತ್ಯದೀಪಂ’ ಪತ್ರಿಕೆಗಳಂತಹ ಬಲವಾದ ಮುದ್ರಣ ಪರಂಪರೆ ಇವರ ಬೆನ್ನಿಗಿತ್ತು. ಆದರೂ ಬೆಳ್ತಂಗಡಿಯ ಶಾಲೆಯಲ್ಲಿ ಮಗು ಕಲಿಯುವ ಅಕ್ಷರ ಕನ್ನಡ, ಮನೆಯ ಪ್ರಾರ್ಥನಾ ಪುಸ್ತಕದ ಅಕ್ಷರ ಮಲೆಯಾಳ. ಅಪ್ಪ ಓದಿದ್ದನ್ನು ಮಗ ಕೇಳಬಲ್ಲ. ಬೇರೆಯಾಗಿ ಕಲಿಯದ ಹೊರತು ಅಪ್ಪನಿಗೆ ಓದಿ ಹೇಳಲಾರ. ಇಲ್ಲಿ ದೊಡ್ಡವರು ಓದಿ ಚಿಕ್ಕವರು ಕೇಳುತ್ತಾರೆ, ಕೊಂಕಣಿ ಮನೆಯಲ್ಲಿ ಚಿಕ್ಕವರು ಓದಿ ದೊಡ್ಡವರು ಕೇಳುತ್ತಾರೆ. ಒಂದೇ ತಾಲೂಕಿನ, ಒಂದೇ ಧರ್ಮದ ಎರಡು ಮನೆಗಳಲ್ಲಿ ಓದಿನ ದಿಕ್ಕು ಹೀಗೆ ತಿರುಗಿರುವುದಕ್ಕೆ ಲಿಪಿಯಲ್ಲದೆ ಬೇರೆ ದೊಡ್ಡ ಕಾರಣ ತೋರುವುದಿಲ್ಲ.

ಕೊಂಕಣಿ ಮನೆಯ ಓದಿನ ದಿಕ್ಕೂ ಸ್ಥಿರವಾಗಿ ಉಳಿಯಲಿಲ್ಲ. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ದಿನದ ಸುದ್ದಿಯನ್ನು ದಿನವೇ ತಲುಪಿಸತೊಡಗಿದಾಗ ವಾರಪತ್ರಿಕೆಯ ವಾರ್ತೆ ಹಳತಾಯಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಕೊಂಕಣಿಯನ್ನು ಓದುವವರ ನೆರವಿಲ್ಲದೆಯೇ ಕೇಳಿಸಿತು. ದೂರದರ್ಶನದ ಧಾರಾವಾಹಿಗಳ ಹೊತ್ತು ತೇರ್ಸ್‌ನ ಹೊತ್ತಿನೊಂದಿಗೆ ತಾಕಲಾಡಿತು. ಹಲವು ಮನೆಗಳಲ್ಲಿ ಪ್ರಾರ್ಥನೆ ಉಳಿಯಿತು, ಅದರ ನಂತರದ ಬಿಡುವು ಉಳಿಯಲಿಲ್ಲ. ಪತ್ರಿಕೆಯನ್ನು ಒಬ್ಬೊಬ್ಬರೇ ಮೌನವಾಗಿ ಓದುವುದು ಹೆಚ್ಚಾಯಿತು. ಇವೆಲ್ಲಕ್ಕಿಂತ ಹೆಚ್ಚಿನ ಪರಿಣಾಮ ಬೀರಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು, 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು, 2007ರ ಸುಮಾರಿಗೆ ಕನ್ನಡ ಅಥವಾ ದೇವನಾಗರಿ ಲಿಪಿಯಲ್ಲಿ ಕೊಂಕಣಿಯನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯುವ ಅವಕಾಶವೂ ದೊರೆಯಿತು. ಭಾಷೆಗೆ ಸಂದ ಈ ಮನ್ನಣೆಗಳ ಹೊತ್ತಿನಲ್ಲಿಯೇ ಅದನ್ನು ಮನೆಯಲ್ಲಿ ಓದಿ ಹೇಳುತ್ತಿದ್ದ ಮಗುವಿಗೆ ಕನ್ನಡ ಅಕ್ಷರದ ಸಲಿಗೆ ಕಡಿಮೆಯಾಗತೊಡಗಿತ್ತು. ಅರ್ಧಾಕ್ಷರಗಳ ಸಾಲು ಆ ಮಗುವಿಗೆ ಎರಡು ಪಟ್ಟು ಕಷ್ಟ. ಈಗ ಮಡಂತ್ಯಾರಿನಲ್ಲೋ ಶಿರ್ತಾಡಿಯಲ್ಲೋ ‘ರಾಕ್ಣೊ’ ಬರುವ ಮನೆಯಲ್ಲಿ ಅದನ್ನು ನಿರಾಯಾಸವಾಗಿ ಓದಬಲ್ಲವಳು ಹೆಚ್ಚಾಗಿ ಅಜ್ಜಿ: 1950ರ, 60ರ ದಶಕಗಳಲ್ಲಿ ಕನ್ನಡ ಶಾಲೆಗೆ ಹೋಗಿ, ತನ್ನ ಅಜ್ಜಿಗೆ ಅದನ್ನೇ ಓದಿ ಹೇಳಿದವಳು.